ಹಳೆಯ ಕಂಪ್ಯೂಟರ್ ಆನ್ ಆಗಲು ತಡವೇ? ಮೊದಲು ಇಷ್ಟು ನೋಡಿ

ನಮ್ಮ ಅಬ್ಬು ಅವರ ಅಂಗಡಿಯ ಲೆಕ್ಕವೆಲ್ಲ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿದೆ. ಬೆಳಿಗ್ಗೆ ಆನ್ ಮಾಡಿದರೆ ಟ್ಯಾಲಿ ತೆರೆಯಲು ಏಳೆಂಟು ನಿಮಿಷ ಬೇಕಾಗುತ್ತಿತ್ತು. ಹೊಸದು ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದರು. ಆದರೆ ಕೈಯಲ್ಲಿದ್ದ ಹಣ ನನ್ನ ಮತ್ತು ತಂಗಿಯ ಫೀಸಿಗೆ ಬೇಕಿತ್ತು. ಹಾಗಾಗಿ ತಡ ಎಲ್ಲಾಗುತ್ತಿದೆ ಎಂದು ಹುಡುಕಿದೆ. ನೀವೂ ಹೀಗೆ ಹುಡುಕಬಹುದು.

ವಿಂಡೋಸ್ ಚಿಹ್ನೆ ಬರುವ ಮೊದಲೇ ತಡವಾದರೆ, ಸಿಕ್ಕಿಸಿಟ್ಟ ಪೆನ್‌ಡ್ರೈವ್ ತೆಗೆದು ನೋಡಿ. ಪ್ರತಿ ಸಲ ತಾರೀಖು, ಸಮಯ ತಪ್ಪಾಗಿದ್ದರೆ ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಮುಗಿದಿರಬಹುದು. ಹೆಚ್ಚಿನವುಗಳಲ್ಲಿ ಅದು ಸಿಆರ್ 2032, ಬೆಲೆ ಕಡಿಮೆ.

ಡೆಸ್ಕ್‌ಟಾಪ್ ಪರದೆ ಬಂದ ಮೇಲೆ ತಡವಾದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಭಾಗದಲ್ಲಿ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳು ಕಾಣುತ್ತವೆ. ಬೇಡದವನ್ನು ಡಿಸೇಬಲ್ ಮಾಡಿ. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ನಾವೇ ತೆರೆಯಬಹುದು. ಆಂಟಿವೈರಸ್ ಮಾತ್ರ ಹಾಗೇ ಇರಲಿ. ಸಿ ಡ್ರೈವ್ ತುಂಬಿದ್ದರೆ ಜಾಗ ಖಾಲಿ ಮಾಡಿ.

ಇಷ್ಟಾದರೂ ಡಿಸ್ಕ್ ಬಳಕೆ ಬಹಳ ಹೊತ್ತು 100% ತೋರಿಸುತ್ತಿದ್ದರೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಡಿ. ಅದರೊಳಗೆ ತಟ್ಟೆ ತಿರುಗಬೇಕು, ಓದುವ ತುದಿ ಅತ್ತಿತ್ತ ಓಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ವೇಗ ಹೆಚ್ಚು. ನಮ್ಮ ಸಮಸ್ಯೆ ಇದೇ ಆಗಿತ್ತು. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಒಂದು ನಿಮಿಷದೊಳಗೆ ಟ್ಯಾಲಿ ತೆರೆಯುತ್ತಿದೆ.

ಒಂದು ಎಚ್ಚರಿಕೆ: ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದು ಕೆಡುವ ಸೂಚನೆ. ಬೇರೆ ಕೆಲಸ ಬಿಟ್ಟು ಮೊದಲು ಲೆಕ್ಕಗಳ ಬ್ಯಾಕಪ್ ತೆಗೆದಿಡಿ.