ಊಟಕ್ಕೆ ಮುಂಚೆ ಸೋಪು ಎಲ್ಲಿ ಹೋಗುತ್ತದೆ?

ನಮ್ಮ ಮನೆಗಳಲ್ಲಿ ಕೈ ತೊಳೆಯುವ ರೀತಿಯನ್ನು ಸ್ವಲ್ಪ ಗಮನಿಸಿ. ಊಟಕ್ಕೆ ಕೂರುವ ಮುನ್ನ ಬೆರಳ ತುದಿಗೆ ಒಂದಿಷ್ಟು ನೀರು ಸೋಕಿಸಿ, ಚಡ್ಡಿಗೋ ಸೆರಗಿಗೋ ಒರೆಸಿಕೊಂಡು ಬಂದು ಕೂರುತ್ತೇವೆ. ಊಟವಾದ ಮೇಲೆ ಮಾತ್ರ ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿ, ಸಾರಿನ ವಾಸನೆ ಹೋಯಿತೇ ಎಂದು ಮೂಸಿ ನೋಡಿ ನಲ್ಲಿ ನಿಲ್ಲಿಸುತ್ತೇವೆ. ಹೊಟ್ಟೆಗೆ ಹೋಗಲಿರುವ ಕೊಳೆಗೆ ಬರೀ ನೀರು, ಕೈಯಲ್ಲಿ ಉಳಿದ ಒಳ್ಳೆಯ ಅನ್ನ ಸಾರಿಗೆ ಸೋಪು! ಇದೆಂಥ ಲೆಕ್ಕ?

ಕಾರಣ ಸರಳ. ಸಾರಿನ ಜಿಡ್ಡು ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ರೋಗಾಣು ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ. ಕಾಣದ್ದನ್ನು ನಂಬಿ ನಡೆಯುವುದು ದೊಡ್ಡವರಿಗೇ ಕಷ್ಟ. ಇನ್ನು ಐದಾರು ವರ್ಷದ ಮಗುವಿಗೆ ಎಷ್ಟು ಕಷ್ಟವಿರಬೇಕು! ಅದಕ್ಕೇ ಈ ವಯಸ್ಸಿನಲ್ಲಿ ಉಪದೇಶಕ್ಕಿಂತ ಅಭ್ಯಾಸ ಮುಖ್ಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಉಗುರಿನ ಸಂದಿಯ ಸಂಸಾರ

ಮಕ್ಕಳ ಕೈ ದಿನವಿಡೀ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಮಣ್ಣು, ಗೋಲಿ, ಬಸ್ಸಿನ ಕಂಬಿ, ನಾಯಿಮರಿಯ ಬೆನ್ನು, ಪಕ್ಕದವನ ಪೆನ್ಸಿಲ್, ಕೊನೆಗೆ ತನ್ನದೇ ಮೂಗು ಮತ್ತು ಬಾಯಿ. ದುಂಡುಹುಳು ಎಂಬ ಜಂತುವನ್ನೇ ತೆಗೆದುಕೊಳ್ಳಿ. ಇದರ ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಬಯಲಿನಲ್ಲಿ ಮಲವಿಸರ್ಜನೆ ನಡೆಯುವ ಕಡೆ ಅವು ಮಣ್ಣು ಸೇರುತ್ತವೆ, ಅಲ್ಲೇ ಬಲಿಯುತ್ತವೆ, ಮಣ್ಣಿನಲ್ಲಿ ಬಹುಕಾಲ ಜೀವ ಹಿಡಿದುಕೊಂಡಿರುತ್ತವೆ. ಅಲ್ಲಿ ಆಡಿದ ಮಗುವಿನ ಉಗುರಿನ ಸಂದಿಗೆ, ಅಲ್ಲಿಂದ ಬಾಯಿಗೆ ಅವುಗಳ ಪ್ರಯಾಣ.

ಸೂಜಿಹುಳು ಇನ್ನೂ ಚಾಲಾಕಿ. ರಾತ್ರಿ ಮಗು ಮಲಗಿದಾಗ ಹೊರಬಂದು ಗುದದ್ವಾರದ ಸುತ್ತ ಮೊಟ್ಟೆ ಇಡುತ್ತದೆ. ಮಗು ನಿದ್ದೆಗಣ್ಣಿನಲ್ಲೇ ಕೆರೆದುಕೊಳ್ಳುತ್ತದೆ. ಬೆಳಿಗ್ಗೆ ಕೈ ತೊಳೆಯದೆ ರಸ್ಕು ಹಿಡಿದರೆ ಮೊಟ್ಟೆಗಳು ಮತ್ತೆ ಹೊಟ್ಟೆಗೇ! ಇನ್ನು ಕೊಕ್ಕೆಹುಳುವಿನ ಮರಿಗಳಿಗೆ ಬಾಯಿಯ ದಾರಿಯೇ ಬೇಕಿಲ್ಲ. ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕೊನೆಗೆ ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಬಯಲಿಗೆ, ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ ಇರಲಿ ಎನ್ನುವುದು ಇದಕ್ಕಾಗಿಯೇ.

1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಆರಂಭವಾಯಿತು. ಮಾತ್ರೆಯನ್ನು ತಪ್ಪದೆ ಕೊಡಿಸಿ. ಆದರೆ ಅದು ಒಳಗಿರುವ ಹುಳುವನ್ನು ಮಾತ್ರ ಹೊರಹಾಕುತ್ತದೆ. ನಾಳೆ ಬರುವ ಹುಳುವಿಗೆ ಬಾಗಿಲು ಹಾಕುವುದಿಲ್ಲ. ಬಾಗಿಲು ಹಾಕುವುದು ಕತ್ತರಿಸಿದ ಉಗುರು, ತೊಳೆದ ಕೈ ಮತ್ತು ಕಾಲಿಗೆ ಚಪ್ಪಲಿ.

ಹುಳುವಿಗಿಂತ ಬೇಗ ಅಪಾಯ ತರುವುದು ವಾಂತಿ ಭೇದಿ. ದೊಡ್ಡವರು ಎರಡು ದಿನ ತಡೆದುಕೊಳ್ಳುವ ಭೇದಿ, ಎಳೆಯ ಮಗುವಿನ ದೇಹದಿಂದ ಕೆಲವೇ ಗಂಟೆಗಳಲ್ಲಿ ನೀರು ಮತ್ತು ಲವಣಗಳನ್ನು ಬಸಿದುಬಿಡಬಹುದು. ಸೋಪಿನಿಂದ ಕೈ ತೊಳೆಯುವುದನ್ನು ಜನರಿಗೆ ಕಲಿಸಿದ ಕಡೆ ಭೇದಿಯ ಪ್ರಕರಣಗಳು ಶೇಕಡಾ 23ರಿಂದ 40ರಷ್ಟು ಕಡಿಮೆಯಾಗುತ್ತವೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಕೊಡುತ್ತದೆ. ಒಂದು ಸೋಪಿನ ಬಿಲ್ಲೆಯಿಂದ ಇಷ್ಟು ಲಾಭ!

ವಿಯೆನ್ನಾದ ಪಾಠ

ಈ ಮಾತನ್ನು ಜಗತ್ತು ಸುಲಭವಾಗಿ ಒಪ್ಪಲಿಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರಿದ್ದರು. ಅಲ್ಲಿ ಎರಡು ವಾರ್ಡುಗಳು. ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಾರ್ಡಿನಲ್ಲಿ ಬಾಣಂತಿಯರು ಜ್ವರದಿಂದ ಸಾಯುವುದು ಬಹಳ ಹೆಚ್ಚು. ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಕಲಿತವರ ಕೈಯಲ್ಲೇ ಹೆಚ್ಚು ಸಾವೇಕೆ? ಆ ವೈದ್ಯರು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು ಎಂಬುದನ್ನು ಸೆಮ್ಮೆಲ್‌ವೈಸ್ ಗುರುತಿಸಿದರು. ಒಳಬರುವ ಮುನ್ನ ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು.

ಆದರೂ ಅನೇಕ ವೈದ್ಯರು ಅವರ ಮಾತನ್ನು ತಳ್ಳಿಹಾಕಿದರು. ನಮ್ಮ ಕೈ ಕೊಳಕೇ ಎಂಬ ಬಿಗುಮಾನ ಒಂದು ಕಡೆ. ಕಾಣದ ವಸ್ತುವನ್ನು ನಂಬುವುದು ಹೇಗೆಂಬ ಪ್ರಶ್ನೆ ಇನ್ನೊಂದು ಕಡೆ. 1865ರಲ್ಲಿ ಸೆಮ್ಮೆಲ್‌ವೈಸ್ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ತೀರಿಕೊಂಡರು. ಪಾಸ್ಚರ್ ಮತ್ತು ಕಾಕ್ ಅವರ ಸಂಶೋಧನೆಗಳಿಂದ ರೋಗಾಣು ಸಿದ್ಧಾಂತ ಗಟ್ಟಿಯಾದ ಮೇಲೆ ಅವರ ಮಾತಿಗೆ ಬೆಲೆ ಬಂತು. 2020ರಲ್ಲಿ ಕೋವಿಡ್ ಬಂದಾಗ ಲೋಕವೆಲ್ಲ ಕೈ ತೊಳೆಯಿತು. ಭಯ ಇಳಿಯುತ್ತಿದ್ದಂತೆ ಬಾಗಿಲ ಬಳಿ ಇಟ್ಟಿದ್ದ ಸೋಪೂ ಎಷ್ಟೋ ಮನೆಗಳಲ್ಲಿ ಮಾಯವಾಯಿತು. ಭಯದಿಂದ ಕಲಿತದ್ದು ಭಯದ ಜೊತೆಯೇ ಹೋಗುತ್ತದೆ. ಅಭ್ಯಾಸವಾದದ್ದು ಮಾತ್ರ ಉಳಿಯುತ್ತದೆ.

ಸೋಪು ಮಾಡುವ ಕೆಲಸವೇನು?

ಮಕ್ಕಳೇ, ಬರೀ ನೀರು ಏಕೆ ಸಾಲದು ಎಂಬುದನ್ನು ನೀವೇ ಪರೀಕ್ಷಿಸಿ. ಅಂಗೈಗೆ ನಾಲ್ಕು ಹನಿ ಅಡುಗೆ ಎಣ್ಣೆ ಹಾಕಿ, ಚಿಟಿಕೆ ಅರಿಶಿನ ಬೆರೆಸಿ ಎರಡೂ ಕೈಗೆ ಸವರಿಕೊಳ್ಳಿ. ಈಗ ನೀರಿನಲ್ಲಿ ತೊಳೆಯಿರಿ. ನೀರು ಜಾರಿಹೋಗುತ್ತದೆ, ಹಳದಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಅರಿಶಿನದ ಬಣ್ಣದ ಛಾಯೆ ಸ್ವಲ್ಪ ಉಳಿದರೂ ಜಿಡ್ಡೆಲ್ಲ ಹೋಗಿರುತ್ತದೆ. ಹಳದಿ ಎಲ್ಲಿ ಹೆಚ್ಚು ಉಳಿದಿದೆ ನೋಡಿ: ಉಗುರಿನ ಸಂದಿ, ಹೆಬ್ಬೆರಳಿನ ಬುಡ, ಬೆರಳುಗಳ ನಡುವೆ. ನಿಮ್ಮ ಕೈ ತೊಳೆಯುವುದರಲ್ಲಿ ಪ್ರತಿದಿನ ತಪ್ಪಿಹೋಗುವ ಜಾಗಗಳು ಅವೇ.

ಸೋಪಿನ ಅಣುವಿಗೆ ಎರಡು ತುದಿ. ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಜಗಳವಾಡುವ ಎಣ್ಣೆಗೂ ನೀರಿಗೂ ನಡುವೆ ನಿಂತು ಸಂಧಾನ ಮಾಡಿಸುವ ಪಂಚರ ಹಾಗೆ! ಜಿಡ್ಡಿಗೆ ಅಂಟಿಕೊಂಡ ರೋಗಾಣುಗಳೂ ಹೀಗೆ ನೀರಿನೊಡನೆ ಹೊರಟುಹೋಗುತ್ತವೆ. ಕೊರೊನಾ, ಫ್ಲೂ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು ಆ ಹೊದಿಕೆಯನ್ನೇ ಒಡೆಯುತ್ತದೆ. ಅಜ್ಜಿ ತಲೆಗೆ ಹಾಕುತ್ತಿದ್ದ ಸೀಗೆಕಾಯಿ, ಅಂಟುವಾಳಕಾಯಿಯಲ್ಲಿರುವ ಸಪೋನಿನ್ ಕೂಡ ನೊರೆ ಬರಿಸಿ ಇದೇ ಬಗೆಯ ಕೆಲಸ ಮಾಡುತ್ತದೆ. ಆದರೆ ಮಣ್ಣಿನಿಂದ ಕೈ ಉಜ್ಜುವುದು ಬೇಡ. ಆ ಮಣ್ಣಿನಲ್ಲೇ ಜಂತುವಿನ ಮೊಟ್ಟೆ ಇರಬಹುದು.

ಸೋಪು ತನ್ನ ಕೆಲಸ ಮಾಡಲು ಉಜ್ಜಾಟವೂ ಬೇಕು, ಹೊತ್ತೂ ಬೇಕು. ಕನಿಷ್ಠ 20 ಸೆಕೆಂಡು ಉಜ್ಜಬೇಕು. ಗಡಿಯಾರ ನೋಡುವುದು ಬೇಡ, ಎರಡರ ಮಗ್ಗಿಯನ್ನು ಅವಸರವಿಲ್ಲದೆ ಒಮ್ಮೆ ಹೇಳಿದರೆ ಸಾಕು. ಕೈಯೂ ಸ್ವಚ್ಛ, ಮಗ್ಗಿಯೂ ಬಾಯಿಪಾಠ!

ಶಾಲೆಯ ನಲ್ಲಿಯ ಮುಂದೆ

ಶಾಲೆಯ ಬಿಸಿಯೂಟದ ಹೊತ್ತಿಗೆ ನಲ್ಲಿಯ ಮುಂದೆ ನೂಕುನುಗ್ಗಲು. ಇಷ್ಟು ಮಕ್ಕಳಿಗೆ ಸೋಪು ಹಚ್ಚಿಸುತ್ತಾ ಕೂತರೆ ಊಟದ ಬಿಡುವೇ ಮುಗಿಯುತ್ತದೆ ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಕೋಣ. ತರಗತಿಯಲ್ಲಿ 40 ಮಕ್ಕಳು, 2 ನಲ್ಲಿ. ಒಬ್ಬೊಬ್ಬರೂ ನಲ್ಲಿಯ ಮುಂದೆ 40 ಸೆಕೆಂಡು ನಿಂತರೆ ಒಟ್ಟು 800 ಸೆಕೆಂಡು, ಅಂದರೆ 13 ನಿಮಿಷ ದಾಟುತ್ತದೆ. ಆದರೆ ಕೈ ಒದ್ದೆ ಮಾಡಿ, ಸೋಪು ಹಚ್ಚಿ, ಪಕ್ಕಕ್ಕೆ ಸರಿದು ಮಗ್ಗಿ ಹೇಳುತ್ತಾ ಉಜ್ಜಿ, ಮತ್ತೆ ಬಂದು ತೊಳೆದುಕೊಂಡರೆ? ನಲ್ಲಿ ಬೇಕಾಗುವುದು ತಲಾ 20 ಸೆಕೆಂಡು ಮಾತ್ರ. 7 ನಿಮಿಷದೊಳಗೆ ಎಲ್ಲರ ಕೈ ಸ್ವಚ್ಛ. ನೀರೂ ಉಳಿಯುತ್ತದೆ.

ಸೋಪು ಕಳೆದುಹೋಗುತ್ತದೆ ಎಂಬುದು ಇನ್ನೊಂದು ದೂರು. ಹಳೆಯ ಕಾಲುಚೀಲದಲ್ಲಿ ಸೋಪು ಹಾಕಿ ನಲ್ಲಿಗೆ ಕಟ್ಟಿಬಿಡಿ. ಅಥವಾ ಸೋಪಿನ ಚೂರುಗಳನ್ನು ಬಾಟಲಿಯ ನೀರಿನಲ್ಲಿ ಕರಗಿಸಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ. ಒಮ್ಮೆ ಅದುಮಿದರೆ ಒಬ್ಬರಿಗೆ ಸಾಕಾಗುವಷ್ಟು ಬರುತ್ತದೆ. ನಲ್ಲಿಯಿಲ್ಲದ ಕಡೆ ಒಬ್ಬ ಮಗ್ಗಿನಿಂದ ನೀರು ಹೊಯ್ಯಲಿ, ಇನ್ನೊಬ್ಬ ತೊಳೆಯಲಿ. ಬಕೆಟ್ಟಿನೊಳಗೆ ಎಲ್ಲರೂ ಕೈ ಅದ್ದುವುದು ಬೇಡ. ಅದು ಕೊಳೆಯನ್ನು ಹಂಚಿಕೊಂಡಂತೆ.

ಹಲ್ಲಿಗೂ ಇದೇ ಕಥೆ

ಕಾಣದ್ದಕ್ಕೆ ಬೆಲೆ ಕೊಡದ ನಮ್ಮ ಸ್ವಭಾವ ಹಲ್ಲಿನ ವಿಷಯದಲ್ಲೂ ಉಂಟು. ಬೆಳಿಗ್ಗೆ ನಾಲ್ಕು ಜನರ ಮುಂದೆ ಹೋಗಬೇಕಲ್ಲ ಎಂದು ಉಜ್ಜುತ್ತೇವೆ, ರಾತ್ರಿ ಯಾರು ನೋಡುತ್ತಾರೆ ಎಂದು ಬಿಡುತ್ತೇವೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆ. ಹಲ್ಲಿನ ಸಂದಿಯ ಬಿಸ್ಕತ್ತು, ಚಾಕಲೇಟಿನ ಚೂರನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಿದಾಗ ಅದನ್ನು ತೊಳೆಯುವವರೇ ಇಲ್ಲ. ದೇಹದ ಅತ್ಯಂತ ಗಟ್ಟಿ ವಸ್ತುವಾದ ಎನಾಮೆಲ್ ಕೂಡ ಆ ಆಮ್ಲಕ್ಕೆ ಕರಗುತ್ತದೆ. ಆದ್ದರಿಂದ ರಾತ್ರಿ ಹಲ್ಲುಜ್ಜಿ, ಆಮೇಲೆ ನೀರಿನ ಹೊರತು ಏನನ್ನೂ ಬಾಯಿಗೆ ಹಾಕಬಾರದು. ಹಾಲು ಕುಡಿಯುವುದಿದ್ದರೂ ಅದಕ್ಕೆ ಮುಂಚೆಯೇ.

ಇಲ್ಲಿ ಪಾಲಕರು ಗಮನಿಸಬೇಕಾದ ಸಂಗತಿಯೊಂದಿದೆ. ಸುಮಾರು ಆರನೇ ವರ್ಷಕ್ಕೆ, ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದು ಅದಕ್ಕೆ ಜಾಗ ಮಾಡಿಕೊಡುವುದಿಲ್ಲವಾದ್ದರಿಂದ ಇದೂ ಹಾಲುಹಲ್ಲೇ, ಹುಳುಕಾದರೆ ಬಿದ್ದು ಬೇರೆ ಬರುತ್ತದೆ ಎಂದು ಸುಮ್ಮನಿರುವವರಿದ್ದಾರೆ. ಅದು ಹೋದರೆ ಮತ್ತೆ ಬರುವುದಿಲ್ಲ. ಇಂದು ರಾತ್ರಿಯೇ ಮಗುವಿನ ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡಿ.

ಅಭ್ಯಾಸ ಬೇರೂರುವುದು ಹೇಗೆ?

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಸಹಜವಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254 ದಿನ ಬೇಕೆನಿಸಿತು. ಅದು ದೊಡ್ಡವರನ್ನು ಕುರಿತ ಅಧ್ಯಯನ. ಆದರೂ ನಮಗೊಂದು ಸಮಾಧಾನ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಹಿಂದಿನ ಶ್ರಮವೆಲ್ಲ ವ್ಯರ್ಥವಾಗುವುದಿಲ್ಲ. ಹಾಗಾಗಿ ಮಗು ಒಂದು ದಿನ ಮರೆತರೆ ಗದರಬೇಡಿ, ಮರುದಿನ ನೆನಪಿಸಿ.

ಹೊಸ ಅಭ್ಯಾಸವನ್ನು ಹಳೆಯ ಕೆಲಸದ ಬಾಲಕ್ಕೆ ಕಟ್ಟಿ. ಶಾಲೆಯ ಚೀಲ ಇಳಿಸಿದ ಕೂಡಲೇ ಕೈಕಾಲು ತೊಳೆಯುವುದು, ತಟ್ಟೆ ಇಡುವ ಮುನ್ನ ಸೋಪು, ಹಾಸಿಗೆ ಹಾಸುವ ಮುನ್ನ ಬ್ರಷ್, ಭಾನುವಾರದ ಸ್ನಾನವಾದ ಮೇಲೆ ಉಗುರು. ಸೋಪು ಮಗುವಿನ ಕೈಗೆ ಎಟಕುವ ಎತ್ತರದಲ್ಲಿರಲಿ. ನಲ್ಲಿ ಎಟಕದಿದ್ದರೆ ಒಂದು ಮಣೆ ಹಾಕಿ. ಎಲ್ಲವನ್ನೂ ಒಮ್ಮೆಲೇ ಹೇರಬೇಡಿ. ಒಂದು ನೆಲೆನಿಂತ ಮೇಲೆ ಇನ್ನೊಂದು.

ಎಲ್ಲಕ್ಕಿಂತ ದೊಡ್ಡದು ಕಣ್ಣೆದುರಿನ ಉದಾಹರಣೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬಂತಾದರೆ ಮಗು ಶಾಸ್ತ್ರವನ್ನು ಬಿಟ್ಟು ಗಾಳವನ್ನೇ ಕಲಿಯುತ್ತದೆ. ಅಪ್ಪ ಹೊರಗಿನಿಂದ ಬಂದವನೇ ನೇರವಾಗಿ ತಟ್ಟೆಗೆ ಕೈ ಹಾಕಿದರೆ ಗೋಡೆಯ ಮೇಲಿನ ಯಾವ ಚಿತ್ರಪಟವೂ ಕೆಲಸಕ್ಕೆ ಬರುವುದಿಲ್ಲ. ಅಡುಗೆ ಮಾಡುವ, ಬಡಿಸುವ, ಕಂದನಿಗೆ ತುತ್ತಿಡುವ ಕೈಗಳಿಗಂತೂ ಈ ನಿಯಮ ಇನ್ನೂ ಬಿಗಿ. ಎಷ್ಟೋ ಬಾರಿ ರೋಗ ಮಗುವನ್ನು ತಲುಪುವುದು ಅದನ್ನು ಮುದ್ದಿಸುವ ಕೈಯಿಂದಲೇ.

ಮಕ್ಕಳಿಗೆ ನಾವು ಕೊಡುವ ಪುಸ್ತಕ ಹರಿಯುತ್ತದೆ, ಬಟ್ಟೆ ಚಿಕ್ಕದಾಗುತ್ತದೆ, ಆಟಿಕೆ ಮುರಿಯುತ್ತದೆ. ಐದನೇ ವಯಸ್ಸಿನಲ್ಲಿ ಕೊಟ್ಟ ಒಳ್ಳೆಯ ಅಭ್ಯಾಸ ಎಂಬತ್ತರವರೆಗೂ ಜೊತೆಗಿರುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಸೋಪು, ಒಂದು ಬ್ರಷ್ಷು ಮತ್ತು ದಿನಕ್ಕೆ ಹತ್ತು ನಿಮಿಷದ ತಾಳ್ಮೆ.