ಒಂದೇ ಗೋಡೆ, ನಲವತ್ತು ಕೈ

ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ಕನ್ನಡಿಗರಲ್ಲಿ ಬೋರಿಬಂದರದ ರೈಲು ನಿಲ್ದಾಣವನ್ನು ನೋಡದವರಿಲ್ಲ. ನಿಂತು ನೋಡಿದವರು ಮಾತ್ರ ವಿರಳ. ಗಾಡಿಯಿಂದ ಇಳಿದು, ಹಾಜರಿ ಯಂತ್ರಕ್ಕೆ ವೇಳೆಗೆ ಸರಿಯಾಗಿ ಬೆರಳು ಒತ್ತಬೇಕಾದ ನಮ್ಮಂಥ ಗುಮಾಸ್ತೆಗಳಿಗೆ ತಲೆಯೆತ್ತಿ ಕಲ್ಲಿನ ಎಲೆ, ಹೂ, ನವಿಲು, ಮಂಗಗಳನ್ನು ನೋಡುವ ಪುರಸತ್ತಾದರೂ ಎಲ್ಲಿ? 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಆ ಕಟ್ಟಡದ ನಕಾಶೆ ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬವರದು. ಕೆತ್ತನೆಯ ಅಲಂಕಾರದಲ್ಲಿ ಮಾತ್ರ ಮುಂಬಯಿಯ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಉಂಟು. ಯಾವ ಎಲೆ ಯಾವ ಹುಡುಗನದು ಎಂದು ಕಂಬದ ಮೇಲೆ ಬರೆದಿಲ್ಲ. ಪರೀಕ್ಷೆಯ ಅಂಕಕ್ಕಾಗಿ ಅಲ್ಲ, ಊರಿಗಾಗಿ ಒಂದು ಶಾಲೆ ಕೂಡಿ ಮಾಡಿದ ಕೆಲಸವದು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂದೆ ಇದೇ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ಕಾಲ ಕಲಿಸಿದರೆಂಬುದು ನಮ್ಮವರಿಗೆ ಹೆಮ್ಮೆಯ ಮಾತು.

ಆ ಶಾಲೆಯ ಮೇಷ್ಟ್ರು ಜಾನ್ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ ಹಲವು ವರ್ಷ ಅಜಂತೆಯ ಗುಹೆಗಳಿಗೆ ಹೋಗಿ, ಗೋಡೆಯ ಚಿತ್ರಗಳನ್ನು ಬಟ್ಟೆಯ ಮೇಲೆ ಪ್ರತಿ ಮಾಡಿಸಿದರು. ಅವನ್ನು ಲಂಡನ್ನಿಗೆ ಸಾಗಿಸಲಾಯಿತು; 1885ರಲ್ಲಿ ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಅನೇಕ ಪ್ರತಿಗಳು ಸುಟ್ಟುಹೋದವು. ಹುಡುಗರ ವರ್ಷಗಳ ದುಡಿಮೆ ಬೂದಿಯಾಯಿತು. ಆದರೂ ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1909ರಿಂದ 1911ರ ನಡುವೆ ಹೆರಿಂಗ್‌ಹ್ಯಾಂ ಎಂಬ ಆಂಗ್ಲ ಮಹಿಳೆ ಮತ್ತೆ ಪ್ರತಿ ಮಾಡಲು ಅಜಂತೆಗೆ ಬಂದಾಗ, ಕಲಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ನೆರವಿಗೆ ಹೋದರು. ಅವರಲ್ಲಿ ನಂದಲಾಲ ಬೋಸರಿದ್ದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಹೈದರಾಬಾದಿನ ಕಲಾವಿದರೂ ಜೊತೆಗೂಡಿದ್ದರು. ಒಬ್ಬೊಬ್ಬರ ಮನೆಮಾತು ಒಂದೊಂದು. ಎದುರಿಗಿದ್ದ ಗೋಡೆ ಮಾತ್ರ ಒಂದೇ.

ಈ ಹಳೆಯ ಸಂಗತಿಗಳನ್ನೆಲ್ಲ ಕೆದಕಲು ಕಾರಣವಿದೆ. ಚಿತ್ರಕಲೆ ಎಂದೊಡನೆ ನಮ್ಮ ಶಾಲೆಗಳಿಗೂ, ಸಂಘಗಳಿಗೂ ತೋಚುವುದು ಸ್ಪರ್ಧೆಯೊಂದೇ. ನಲವತ್ತು ಮಕ್ಕಳನ್ನು ಜಮಖಾನೆಯ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು, ಮೂವರಿಗೆ ಸ್ಟೀಲಿನ ಬಟ್ಟಲು ಹಂಚಿದರೆ ಕಾರ್ಯಕ್ರಮ ಮುಗಿಯಿತು. ಉಳಿದ ಮೂವತ್ತೇಳು ಮಕ್ಕಳು ಹಾಳೆ ಸುತ್ತಿಕೊಂಡು ಮನೆಗೆ. ಸ್ಪರ್ಧೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವ್ಯಂಗ್ಯಚಿತ್ರಕಾರ ಶಂಕರರು 1949ರಲ್ಲಿ ದಿಲ್ಲಿಯಲ್ಲಿ ಆರಂಭಿಸಿದ ಮಕ್ಕಳ ಸ್ಪರ್ಧೆ ದೇಶವಿದೇಶಗಳ ಮಕ್ಕಳ ಕೈಗೆ ಕುಂಚ ಕೊಟ್ಟಿತು. ಆದರೆ ಸ್ಪರ್ಧೆಯಲ್ಲಿ ಪಕ್ಕದ ಹುಡುಗ ಎದುರಾಳಿ. ಅವನ ಹಾಳೆಯನ್ನು ಇಣುಕಿ ನೋಡಿದರೆ ತಪ್ಪು. ಕೂಡಿ ಬರೆಯುವಲ್ಲಿ ಅವನ ಕಡೆ ನೋಡದಿದ್ದರೆ ಕೆಲಸವೇ ಸಾಗದು.

ಇದನ್ನು ಚೆನ್ನಾಗಿ ಅರಿತವರು ಶಾಂತಿನಿಕೇತನದವರು. ಅಜಂತೆಯಿಂದ ಮರಳಿದ ನಂದಲಾಲರು ಮುಂದೆ ಅಲ್ಲಿಯ ಕಲಾಭವನದ ಮುಖ್ಯಸ್ಥರಾದರು. 1930ರ ದಶಕದಲ್ಲಿ ಅಲ್ಲಿ ಗುರುಶಿಷ್ಯರು ಕೂಡಿ ವಿದ್ಯಾರ್ಥಿಗಳ ವಾಸಕ್ಕೆಂದೇ ಒಂದು ಮಣ್ಣಿನ ಮನೆಯನ್ನು ಸಿದ್ಧಪಡಿಸಿದರು. ಗೋಡೆಯ ತುಂಬ ಮಣ್ಣಿನ ಉಬ್ಬುಚಿತ್ರಗಳು. ಮಳೆಗೆ ಕರಗದಂತೆ ಮೇಲೆ ಡಾಂಬರಿನ ಲೇಪ. ಜನ ಅದನ್ನು ‘ಕಾಲೋ ಬಾಡಿ’ ಅಂದರೆ ಕರಿಮನೆ ಎಂದು ಕರೆಯುತ್ತಾರೆ. ತಾವು ಮಲಗುವ ಮನೆಯ ಗೋಡೆಯನ್ನು ತಾವೇ ತಿದ್ದಿದ ಹುಡುಗರಿಗೆ ಆ ಗೋಡೆಯ ಮೇಲೆ ಮೊಳೆ ಹೊಡೆಯಲು ಮನಸ್ಸು ಬಂದೀತೆ?

ಅದೇ ಊರಿನ ಹಿಂದಿ ಭವನದಲ್ಲಿ ಬಿನೋದ ಬಿಹಾರಿ ಮುಖರ್ಜಿಯವರು 1946–47ರಲ್ಲಿ ಮಧ್ಯಯುಗದ ಸಂತರ ಚಿತ್ರವನ್ನು ಬರೆದರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಹತ್ತು ವರ್ಷಗಳ ಬಳಿಕ ಪೂರಾ ಹೋಯಿತು. ಶಿಷ್ಯರು ಜೊತೆಗೆ ನಿಂತರು. ಹಸಿ ಗಾರೆಯ ಮೇಲೆ ಬರೆಯುವ ಈ ವಿಧಾನ ಒಬ್ಬರ ಕೈಲಾಗುವಂಥದಲ್ಲ. ಅಂದಂದಿನ ಕೆಲಸಕ್ಕೆ ಸಾಲುವಷ್ಟೇ ಗೋಡೆಗೆ ಹೊಸ ಗಾರೆ ಮೆತ್ತಬೇಕು. ಅದು ಆರುವುದರೊಳಗೆ ಬಣ್ಣ ಬಿದ್ದರೆ ಸುಣ್ಣವೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ತಡವಾದರೆ ಹಿಡಿಯುವುದಿಲ್ಲ. ಗಾರೆಯವನು ಬರದಿದ್ದರೆ ಚಿತ್ರಗಾರ ಸುಮ್ಮನೆ ಕೂರಬೇಕು; ಬಣ್ಣ ಅರೆಯುವವನು ಆಲಸ್ಯ ಮಾಡಿದರೆ ಇಬ್ಬರ ಶ್ರಮವೂ ವ್ಯರ್ಥ. ನೀತಿಪಾಠದ ಪುಸ್ತಕ ಹೇಳುವ ಸಹಕಾರಕ್ಕಿಂತ ಈ ಒದ್ದೆ ಸುಣ್ಣ ಹೇಳುವುದು ಹೆಚ್ಚು ಖಚಿತವೆಂದು ನಮಗೆ ತೋರುತ್ತದೆ.

ಇನ್ನು ನಾವು ಕಣ್ಣಾರೆ ಕಂಡದ್ದು. ನಮ್ಮ ಬಡಾವಣೆಯ ಕನ್ನಡ ಮಕ್ಕಳು ಅನೇಕರು ಹೋಗುವ ಶಾಲೆಯೊಂದುಂಟು. ಒಂದೇ ತರಗತಿಯಲ್ಲಿ ಮರಾಠಿ, ಗುಜರಾತಿ, ತುಳು, ತೆಲುಗು, ಭೋಜಪುರಿ ಎಲ್ಲ ಮನೆಮಾತುಗಳೂ ಇವೆ. ಮಕ್ಕಳು ಬುತ್ತಿ ಬಿಚ್ಚುವುದೂ ಭಾಷೆವಾರು ಗುಂಪಿನಲ್ಲೇ. ಯಾದಗಿರಿಯ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವರೊಬ್ಬರ ಮಗಳು ಯಾವ ಗುಂಪಿಗೂ ಸೇರದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು; ಹಿಂದಿ ಬಾರದು, ಮರಾಠಿ ಮೊದಲೇ ಬಾರದು. ಚಿತ್ರಕಲೆಯ ಬಾಯಿಯವರಿಗೆ ಆಟದ ಬಯಲಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಬರೆಸುವ ಮನಸ್ಸಾಯಿತು. ಡಹಾಣು ಕಡೆಯ ವಾರಲಿ ಚಿತ್ರವನ್ನು ಅವರೇ ಬಲ್ಲರು. ನಮ್ಮ ಸಂಘದ ಸದಸ್ಯೆ, ಸಾಗರದ ಕಡೆಯವರೊಬ್ಬರು, ದೀವರ ಮನೆಗಳ ಹಸೆ ಚಿತ್ತಾರದ ಮಾದರಿಗಳನ್ನು ತೋರಿಸಿದರು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಕ್ಕತಂಗಿಯರಂತೆ ಕಾಣುತ್ತವೆ! ಎರಡೂ ಮದುವೆ ಮನೆಯ ಗೋಡೆಯ ಚಿತ್ರಗಳು, ಎರಡೂ ಹೆಂಗಸರ ಕೈಯಲ್ಲಿ ಬೆಳೆದವು, ಎರಡಕ್ಕೂ ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳುಪು. ಅಲ್ಲಿ ಬಿದಿರಿನ ಕಡ್ಡಿ, ಇಲ್ಲಿ ಪುಂಡಿ ನಾರಿನ ಕುಂಚ, ಅಷ್ಟೆ ವ್ಯತ್ಯಾಸ.

ಗೋಡೆಗೆ ಚೌಕುಳಿ ಹಾಕುವಾಗ ತೊಡಕಾಯಿತು. ಅಳತೆಗೋಲಿಟ್ಟು ಎಳೆದರೂ ಸಾಲು ಡೊಂಕು. ಕೊನೆಯ ಬೆಂಚಿನ ಹುಡುಗಿ ಎದ್ದು ಬಂದು, ಸೀಮೆಸುಣ್ಣ ತೆಗೆದುಕೊಂಡು, ಯಾವ ಕೋಲೂ ಇಲ್ಲದೆ ಉದ್ದಕ್ಕೂ ಚುಕ್ಕಿ ಇಡುತ್ತ ಹೋದಳು. ಊರಿನಲ್ಲಿ ದಿನವೂ ಅಂಗಳದಲ್ಲಿ ರಂಗೋಲಿ ಹಾಕಿದ ಕೈ ಅದು! ಅಂದಿನಿಂದ ಅವಳು ಎಲ್ಲರಿಗೂ ‘ಠಿಪಕೆವಾಲಿ’; ಠಿಪಕೆ ಎಂದರೆ ಮರಾಠಿಯಲ್ಲಿ ಚುಕ್ಕಿ. ಚುಕ್ಕಿ ತಪ್ಪಿದಲ್ಲೆಲ್ಲ ಅವಳಿಗೆ ಕರೆ ಬರುತ್ತಿತ್ತು. ಅವಳ ಹಿಂದಿ ಸುಧಾರಿಸಿದ್ದು ಆ ಏಣಿಯ ಬುಡದಲ್ಲಿ.

ಜಗಳಗಳೂ ಕಡಿಮೆಯಿರಲಿಲ್ಲ. ರೈಲುಗಾಡಿ ಬರೆಯಲು ಎಲ್ಲರೂ ಸಿದ್ಧ, ನೆಲಕ್ಕೆ ಕೆಮ್ಮಣ್ಣು ಬಳಿಯಲು ಯಾರೂ ಇಲ್ಲ. ಬಾಯಿಯವರು ಒಂದು ಕಟ್ಟಳೆ ಮಾಡಿದರು: ಒಬ್ಬರು ತೊಡಗಿದ ಆಕೃತಿಯನ್ನು ಇನ್ನೊಬ್ಬರು ಮುಗಿಸಬೇಕು, ಯಾರೂ ತಮ್ಮದನ್ನು ತಾವೇ ಮುಗಿಸಕೂಡದು. ಎರಡು ದಿನ ಮುನಿಸು, ಕಣ್ಣೀರು, ತಾಯಂದಿರ ದೂರು. ಮೂರನೆಯ ದಿನ ಗುಜರಾತಿ ಹುಡುಗನ ಅರ್ಧ ಕುದುರೆಗೆ ನಮ್ಮ ಮಂಗಳೂರಿನವರ ಮಗಳು ಬಾಲ ಬರೆದಳು. ಬಾಲ ಸ್ವಲ್ಪ ಉದ್ದವಾಯಿತು, ನಿಜ. ಕುದುರೆಗೆ ಇಬ್ಬರು ಒಡೆಯರಾದರು. ಬುತ್ತಿಯ ಗುಂಪುಗಳು ಬೆರೆತದ್ದೂ ಆ ವಾರದಲ್ಲೇ.

ಆದರೆ ಆ ಗೋಡೆಯನ್ನು ಈಗ ನೋಡಲು ಹೋಗಬೇಡಿ. ತಪಾಸಣೆಗೆ ಬರುವವರಿದ್ದಾರೆಂದು ದೀಪಾವಳಿ ರಜೆಯಲ್ಲಿ ಇಡೀ ಆವರಣಕ್ಕೆ ಸುಣ್ಣ ಬಳಿಸಿಬಿಟ್ಟರು. ನಾಲ್ಕೈದು ಮಂದಿ ಪಾಲಕರು ವಿಚಾರಿಸಲು ಹೋದೆವು. ಗೋಡೆ ಶಾಲೆಯದು, ಸ್ವಚ್ಛತೆಯೂ ಶಾಲೆಯದು ಎಂಬ ಉತ್ತರ ದೊರೆಯಿತು. ಲೆಕ್ಕಪತ್ರದ ಪ್ರಕಾರ ಸರಿಯಾದ ಉತ್ತರವೇ. ಮಕ್ಕಳು ಕೇಳಿದ್ದು ಬೇರೆ: “ನಮಗೆ ಮೊದಲೇ ಯಾಕೆ ಹೇಳಲಿಲ್ಲ?” ಚಿತ್ರ ಅಳಿಯುವುದು ದೊಡ್ಡ ಮಾತಲ್ಲ. ಹಸೆಯೂ ವಾರಲಿಯೂ ಮದುವೆ ಮುಗಿದು ಕಾಲ ಸಂದಂತೆ ಮಾಸುವಂಥವೇ. ಆದರೆ ಬರೆದವರನ್ನು ಕೇಳದೆ ಅಳಿಸಿದರೆ, ನಾಲ್ಕು ವಾರ ಅವರು ಕಲಿತದ್ದಕ್ಕೆ ನೇರ ವಿರುದ್ಧವಾದುದನ್ನು ಒಂದೇ ದಿನದಲ್ಲಿ ಕಲಿಸಿದಂತಾಯಿತು. ಶಾಲೆ ತಮ್ಮದೆಂದು ನಂಬಿದ್ದ ಮಕ್ಕಳಿಗೆ, ಇಲ್ಲ, ನೀವು ಇಲ್ಲಿ ಬಿಡಾರ ಹೂಡಿದವರು ಎಂದು ಹೇಳಿದಂತಾಯಿತು. ಪರಊರಿನಲ್ಲಿ ಬಾಳುವ ನಮಗೆ ಆ ಮಾತಿನ ನೋವು ಹೊಸದಲ್ಲ. ಮಕ್ಕಳಿಗೆ ಅದು ಅಷ್ಟು ಬೇಗ ಮುಟ್ಟಬಾರದಿತ್ತು.

ಗೋಡೆ ಬೇರೆಯವರದಾದರೆ ಬಟ್ಟೆಯಾದರೂ ನಮ್ಮದಾಗಬಹುದಷ್ಟೆ. 1937ರಲ್ಲಿ ಸ್ಪೇನಿನ ಗೆರ್ನಿಕಾ ಎಂಬ ಊರಿನ ಮೇಲೆ ಬಾಂಬು ಬಿದ್ದಾಗ ಪಿಕಾಸೋ ಬರೆದ ಚಿತ್ರ ಪ್ರಸಿದ್ಧವಾದುದು. ಎರಡನೆಯ ಮಹಾಯುದ್ಧ ಮುಗಿದು ಐವತ್ತು ವರ್ಷ ತುಂಬಿದ 1995ರಲ್ಲಿ ಜಪಾನಿನ ಕೆಲವರು ಒಂದು ಯೋಜನೆಯನ್ನು ಆರಂಭಿಸಿದರು: ಅದೇ ಅಳತೆಯ, ಅಂದರೆ ಸುಮಾರು ಏಳೂಮುಕ್ಕಾಲು ಮೀಟರು ಉದ್ದ, ಮೂರೂವರೆ ಮೀಟರು ಎತ್ತರದ ಬಟ್ಟೆಯ ಮೇಲೆ ಒಂದೊಂದು ಊರಿನ ಮಕ್ಕಳು ಕೂಡಿ ಶಾಂತಿಯ ಚಿತ್ರ ಬರೆಯುವುದು. ಹಲವು ದೇಶಗಳ ಮಕ್ಕಳು ಬರೆದಿದ್ದಾರೆ. ಬಟ್ಟೆಯನ್ನು ಸುರುಳಿ ಸುತ್ತಿ ಎಲ್ಲಿಗಾದರೂ ಒಯ್ಯಬಹುದು. ತಪಾಸಣೆಯವರು ಬಂದರೆ ಮಡಚಿಡಲೂಬಹುದು!

ಅಷ್ಟು ದೊಡ್ಡದು ನಮಗೆ ಬೇಡ. ಒರಟು ಹತ್ತಿ ಬಟ್ಟೆಗೆ ಸೀಮೆಸುಣ್ಣದ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ ಎರಡು ಸಲ ಬಳಿದರೆ ಬಣ್ಣ ಹಿಡಿಯುತ್ತದೆ. ಸಂಘದ ಭಾನುವಾರದ ಕನ್ನಡ ತರಗತಿಯ ಮಕ್ಕಳು ಈ ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದಿನ ಪರದೆಯನ್ನು ಹೀಗೆ ಬರೆಯಲಿದ್ದಾರೆ. ನೆರೆಮನೆಯ ಮರಾಠಿ, ಗುಜರಾತಿ ಮಕ್ಕಳನ್ನೂ ಕರೆತರಬೇಕೆಂಬುದು ಅವರದೇ ಷರತ್ತು. ಸದಸ್ಯರಿಬ್ಬರು ಬಟ್ಟೆಯನ್ನು ಕೊಡಲು ಒಪ್ಪಿದ್ದಾರೆ. ಚುಕ್ಕಿ ಇಡಲು ಠಿಪಕೆವಾಲಿ ಬರುತ್ತಾಳೆ. ತಾಯಂದಿರು ಒಂದೊಂದು ಹಿಡಿ ಅಕ್ಕಿಹಿಟ್ಟು ಕಟ್ಟಿಕೊಟ್ಟು, ಕೆಮ್ಮಣ್ಣು ಮೆತ್ತಿದರೂ ಬಯ್ಯದಂಥ ಹಳೆಯ ಅಂಗಿ ತೊಡಿಸಿ ಹತ್ತು ಗಂಟೆಗೆ ಕಳುಹಿಸಿದರೆ ಸಾಕು.