ಒಂಬತ್ತು ಸಾವಿರ ರೂಪಾಯಿಯ ಗಣಕಯಂತ್ರ

ಗಣಕಯಂತ್ರವನ್ನು ಕೊಳ್ಳುವುದು ಒಂದು ಮಾತು. ಕೈಯಲ್ಲಿರುವ ಹಣದ ಮಿತಿಯೊಳಗೆ ಅದನ್ನು ಕಟ್ಟಿ ನಿಲ್ಲಿಸುವುದು ಇನ್ನೊಂದು ಮಾತು. ಆಟಕ್ಕೆಂದು ಗಣಕ ಕಟ್ಟಹೊರಟ ತರುಣರು ಯಲಹಂಕದಲ್ಲಿಯೂ ಇದ್ದಾರೆ, ಹೆಬ್ಬಾಳದಲ್ಲಿಯೂ ಇದ್ದಾರೆ. ಅವರು ಕಾಗದದ ಮೇಲೆ ಬಿಡಿಭಾಗಗಳ ಪಟ್ಟಿ ಬರೆದು, ಒಂದನ್ನು ಸೇರಿಸಿ, ಇನ್ನೊಂದನ್ನು ಹೊಡೆದುಹಾಕಿ, ಮತ್ತೆ ಮೊತ್ತ ಕೂಡಿ ನೋಡುತ್ತಾರೆ. ಯಾವುದನ್ನು ಬಿಡಬಹುದು? ಯಾವುದನ್ನು ಬಿಡಲಾಗದು? ಅವರ ಮುಂದಿರುವ ಪ್ರಶ್ನೆ ಇಷ್ಟೆ.

ಇದೇ ಪ್ರಶ್ನೆಯನ್ನು ಕಾಲು ಶತಮಾನದ ಹಿಂದೆ ಇದೇ ಊರಿನ ಏಳು ಮಂದಿ ತಮಗೆ ತಾವೇ ಹಾಕಿಕೊಂಡರು. ಆದರೆ ಅವರ ಲೆಕ್ಕ ಒಂದು ಮನೆಯ ಹುಡುಗನದಾಗಿರಲಿಲ್ಲ. ಅಕ್ಷರ ಬಾರದ, ಆಂಗ್ಲಭಾಷೆ ತಿಳಿಯದ ಹಳ್ಳಿಗನಿಗೂ ಗಣಕಯಂತ್ರ ಎಟುಕಬೇಕು ಎಂಬುದು ಅವರ ಹಂಬಲ. ಆ ಹಂಬಲದ ಫಲವೇ ‘ಸಿಂಪ್ಯೂಟರ್’.

ಸಂಕಲ್ಪ ಹುಟ್ಟಿದ ಬಗೆ

೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಹಿಂದುಳಿದ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನದಿಂದ ಆಗಬಹುದಾದ ಪ್ರಯೋಜನವೇನು ಎಂಬುದು ಅಲ್ಲಿಯ ವಿಷಯ. ಜನಸಾಮಾನ್ಯರ ಕೈಗೆಟುಕುವ ಒಂದು ಅಗ್ಗದ ಉಪಕರಣ ಬೇಕು ಎಂಬ ಮಾತು ಅಲ್ಲಿ ಬಂದಿತು. ಸಭೆಗಳಲ್ಲಿ ಇಂಥ ಮಾತುಗಳು ಬರುವುದು ಹೊಸತಲ್ಲ; ಸಭೆ ಮುಗಿದ ಮೇಲೆ ಅವು ಉಳಿಯುವುದು ಅಪರೂಪ. ಈ ಮಾತು ಉಳಿಯಿತು.

ಯಶವಂತಪುರಕ್ಕೆ ಹೊಂದಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಒಂದು ಕಡೆ. ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್ ಮತ್ತು ಮಾರ್ಕ್ ಮಥಾಯಸ್ ಇನ್ನೊಂದು ಕಡೆ. ಇವರೆಲ್ಲರೂ ಕೂಡಿ ೧೯೯೯ರಲ್ಲಿ ಲಾಭದ ಆಸೆಯಿಲ್ಲದ ‘ಸಿಂಪ್ಯೂಟರ್ ಟ್ರಸ್ಟ್’ ಸ್ಥಾಪಿಸಿದರು. ಸರಳ, ಅಗ್ಗ, ಬಹುಭಾಷಿಕ, ಜನತೆಯ ಗಣಕ ಎಂಬರ್ಥದ ಆಂಗ್ಲ ಪದಗಳಿಂದ ಈ ಹೆಸರು ಹುಟ್ಟಿತು. ಮಿತಿಯನ್ನೂ ಅವರೇ ಹಾಕಿಕೊಂಡರು: ಇನ್ನೂರು ಡಾಲರು, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಒಂಬತ್ತು ಸಾವಿರ ರೂಪಾಯಿ. ಮೇಜಿನ ಮೇಲಿಡುವ ಸಾಧಾರಣ ಗಣಕಕ್ಕೆ ಅದರ ಮೂರು-ನಾಲ್ಕು ಪಟ್ಟು ಹಣ ತೆರಬೇಕಾಗಿದ್ದ ಕಾಲವದು.

ಬಿಟ್ಟದ್ದೇನು, ಉಳಿಸಿಕೊಂಡದ್ದೇನು?

ಮಿತವ್ಯಯದ ಜಾಣ್ಮೆ ಕಾಣುವುದು ಇಲ್ಲಿ. ದೊಡ್ಡ ಗಣಕದ ಭಾಗಗಳನ್ನೇ ಕೀಳುಮಟ್ಟದವುಗಳಾಗಿ ಆರಿಸಿ ಜೋಡಿಸಿದ್ದರೆ ಅಗ್ಗದ ಕೆಟ್ಟ ಯಂತ್ರವೊಂದು ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಬೇಡವಾದುದನ್ನು ಪೂರ್ತಿಯಾಗಿ ಬಿಟ್ಟರು.

ಕೀಲಿಮಣೆಯನ್ನು ಬಿಟ್ಟರು, ಓದಲು ಬಾರದವನಿಗೆ ಅಕ್ಷರಗಳ ಸಾಲಿನಿಂದ ಉಪಯೋಗವೇನು? ಅದರ ಬದಲು ತೆರೆಯ ಮೇಲಿನ ಚಿತ್ರವನ್ನು ಒಂದು ಕಡ್ಡಿಯಿಂದ ಮುಟ್ಟಿದರೆ ಸಾಕು. ತಿರುಗುವ ಹಾರ್ಡ್ ಡಿಸ್ಕನ್ನು ಬಿಟ್ಟರು. ಮಾಹಿತಿ ಒಂದು ಚಿಪ್ಪಿನಲ್ಲಿಯೇ ಉಳಿಯುವಂತೆ ಮಾಡಿದರು. ಹಣ ತೆತ್ತು ಪಡೆಯುವ ಕಾರ್ಯವ್ಯವಸ್ಥೆಯನ್ನು ಬಿಟ್ಟು, ಯಾರು ಬೇಕಾದರೂ ಬಳಸಬಹುದಾದ ‘ಲಿನಕ್ಸ್’ ಅನ್ನು ಇರಿಸಿದರು. ವಿದ್ಯುತ್ತಿನ ಭರವಸೆಯಿಲ್ಲದ ಊರುಗಳಿಗಾಗಿ ಸಣ್ಣ ಬ್ಯಾಟರಿಗಳಿಂದಲೇ ನಡೆಯುವಂತೆ ಮಾಡಿದರು. ಹೃದಯಸ್ಥಾನದಲ್ಲಿ ಇಂಟೆಲ್ ಸಂಸ್ಥೆಯ ‘ಸ್ಟ್ರಾಂಗ್‌ಆರ್ಮ್’ ಎಂಬ, ಅಲ್ಪ ವಿದ್ಯುತ್ತಿನಿಂದ ತೃಪ್ತಿಪಡುವ ಚಿಪ್ಪು ಕುಳಿತಿತು.

ಇಷ್ಟು ಬಿಟ್ಟವರು ಒಂದನ್ನು ಮಾತ್ರ ಬಿಡಲೊಪ್ಪಲಿಲ್ಲ: ಧ್ವನಿ. ತೆರೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ರಚಿಸಲಾಯಿತು. ಅದು ಕನ್ನಡವನ್ನೂ ಓದಿತು. ಶ್ರೀಮಂತರ ಯಂತ್ರಗಳಲ್ಲಿ ವಿಲಾಸವೆನಿಸಿದ್ದ ಈ ಸೌಕರ್ಯ ಬಡವನ ಯಂತ್ರದಲ್ಲಿ ಅತ್ಯವಶ್ಯವಾಯಿತು.

ಒಂದು ಯಂತ್ರ, ನೂರು ಯಜಮಾನರು

ಆದರೂ ದಿನಗೂಲಿಯವನಿಗೆ ಒಂಬತ್ತು ಸಾವಿರವೆಂಬುದು ಸಣ್ಣ ಮೊತ್ತವಲ್ಲ. ಅದಕ್ಕೂ ಒಂದು ಉಪಾಯ ಹೊಳೆಯಿತು. ಯಂತ್ರ ಎಲ್ಲರದು, ಮಾಹಿತಿ ಅವರವರದು. ಪಂಚಾಯಿತಿಯೋ ಶಾಲೆಯೋ ಅಂಗಡಿಯೋ ಒಂದು ಸಿಂಪ್ಯೂಟರನ್ನು ಇಟ್ಟುಕೊಳ್ಳಬೇಕು. ಬಳಸುವವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ಅದರೊಳಗೆ ತೂರಿಸಿದರೆ ಅಷ್ಟು ಹೊತ್ತು ಅದು ಅವರದೇ ಗಣಕ. ಕಾರ್ಡನ್ನು ತೆಗೆದರೆ ಅವರ ಲೆಕ್ಕಪತ್ರ ಅವರ ಜೇಬಿನಲ್ಲಿ. ಊರ ಬಾವಿ ಒಂದೇ, ಕೊಡಗಳು ಬೇರೆ ಬೇರೆ ಎಂದಂತೆ.

೨೦೦೧ರ ಏಪ್ರಿಲಿನಲ್ಲಿ ಇದರ ಮಾದರಿ ಲೋಕದ ಮುಂದೆ ಬಂದಾಗ ದೇಶವಿದೇಶಗಳ ಪತ್ರಿಕೆಗಳು ಬೆರಗಾದವು. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ‘ನ್ಯೂಯಾರ್ಕ್ ಟೈಮ್ಸ್’ನ ವಾರ ಸಂಚಿಕೆಯಲ್ಲಿ, ಆ ವರ್ಷದ ಗಣಕಲೋಕದ ಮಹತ್ವದ ಸೃಷ್ಟಿ ಆಪಲ್ಲಿನದೂ ಅಲ್ಲ, ಮೈಕ್ರೋಸಾಫ್ಟಿನದೂ ಅಲ್ಲ, ಬೆಂಗಳೂರಿನ ಸಿಂಪ್ಯೂಟರೇ ಎಂಬ ಅಭಿಪ್ರಾಯ ಕೊಟ್ಟರು.

ಜಾಲಹಳ್ಳಿಯ ನಂಟು

ಮಾದರಿಯನ್ನು ಮಾಡುವುದು ಬೇರೆ, ಸರಕನ್ನು ಮಾಡುವುದು ಬೇರೆ. ಪ್ರಾಧ್ಯಾಪಕರು ‘ಪಿಕೊಪೇಟ’ ಎಂಬ ಸಂಸ್ಥೆಯನ್ನು ತೆರೆದರು. ಯಂತ್ರಗಳನ್ನು ತಯಾರಿಸಿಕೊಡುವ ಹೊಣೆಯನ್ನು ಭಾರತ್ ಇಲೆಕ್ಟ್ರಾನಿಕ್ಸ್ ಹೊತ್ತಿತು. ಯಶವಂತಪುರದಿಂದ ತುಸು ಮುಂದೆ ಹೋದರೆ ಜಾಲಹಳ್ಳಿಯಲ್ಲಿ ೧೯೫೪ರಿಂದ ನೆಲೆಗೊಂಡಿರುವ, ಸೈನ್ಯಕ್ಕೆ ರೇಡಿಯೋ ಮತ್ತು ರಾಡಾರ್, ಚುನಾವಣೆಗೆ ಮತಯಂತ್ರ ಒದಗಿಸುವ ಸಂಸ್ಥೆ ಅದು. ೨೦೦೪ರ ಏಪ್ರಿಲಿನಲ್ಲಿ ‘ಅಮಿದ ಸಿಂಪ್ಯೂಟರ್’ ಮಾರಾಟಕ್ಕೆ ಬಂದಿತು. ತೀರ ಅಗ್ಗದ ಮಾದರಿಗೆ ಹತ್ತು ಸಾವಿರದ ಆಸುಪಾಸು. ಬಣ್ಣದ ತೆರೆಯುಳ್ಳದ್ದಕ್ಕೆ ಇಪ್ಪತ್ತು ಸಾವಿರದಷ್ಟು.

ಅಮಿದದೊಳಗೆ ಒಂದು ಪುಟ್ಟ ಸೋಜಿಗವಿತ್ತು. ಕೈಯಲ್ಲಿ ಹಿಡಿದು ಓಲಿಸಿದರೆ ಅದಕ್ಕೆ ತಿಳಿಯುತ್ತಿತ್ತು; ಓಲಿಸಿದತ್ತ ಪುಟ ತಿರುಗುತ್ತಿತ್ತು. ಚಲನೆಯನ್ನು ಅಳೆಯುವ ಚಿಪ್ಪಿನ ಮಹಿಮೆ ಅದು. ಆಪಲ್ ಸಂಸ್ಥೆಯ ಐಫೋನಿನಲ್ಲಿ ಇಂಥದೇ ಚಿಪ್ಪು ಬಂದುದು ೨೦೦೭ರಲ್ಲಿ. ಇಂದು ಫೋನನ್ನೇ ಸ್ಟೇರಿಂಗ್ ಚಕ್ರದಂತೆ ಓಲಿಸಿ ಕಾರು ಓಡಿಸುವ ಆಟದಲ್ಲಿ ಮೈಮರೆಯುವ ಮಕ್ಕಳಿಗೆ, ಆ ಓಲಾಟವನ್ನರಿಯುವ ಯಂತ್ರವೊಂದು ಮೂರು ವರ್ಷ ಮೊದಲೇ ಜಾಲಹಳ್ಳಿಯ ಕಾರ್ಖಾನೆಯಿಂದ ಹೊರಟಿತ್ತೆಂಬುದು ಗೊತ್ತಿರಲಾರದು.

ಎಡವಿದ್ದೆಲ್ಲಿ?

ಇಷ್ಟಾದರೂ ಮಾರಾಟವಾದವು ಕೆಲವೇ ಸಾವಿರ. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ, ಛತ್ತೀಸ್‌ಗಢದಲ್ಲಿ ಶಿಕ್ಷಣಕ್ಕೆ ಅವು ಬಳಕೆಯಾದುದುಂಟು. ಆದರೆ ಹಳ್ಳಿ ಹಳ್ಳಿಗೂ ಒಂದು ಎಂಬ ಕನಸು ಕೈಗೂಡಲಿಲ್ಲ.

ಕಾರಣವನ್ನು ಯಂತ್ರದೊಳಗೆ ಹುಡುಕಿದರೆ ಸಿಗದು, ಅದು ಎಣಿಕೆಯಲ್ಲಿದೆ. ಚಿಪ್ಪು, ತೆರೆಗಳನ್ನು ಸಾವಿರದ ಲೆಕ್ಕದಲ್ಲಿ ಕೊಳ್ಳುವವನಿಗೆ ಒಂದು ಬೆಲೆ, ಕೋಟಿಯ ಲೆಕ್ಕದಲ್ಲಿ ಕೊಳ್ಳುವವನಿಗೆ ಮತ್ತೊಂದು ಬೆಲೆ. ಅಚ್ಚು ಮಾಡಿಸಿದ ವೆಚ್ಚ, ನಕ್ಷೆ ಬರೆಸಿದ ವೆಚ್ಚ ಎಲ್ಲವನ್ನೂ ಮಾರಾಟವಾದ ಯಂತ್ರಗಳೇ ಹಂಚಿಕೊಳ್ಳಬೇಕು. ಬೆಲೆ ಇಳಿಯದೆ ಬೇಡಿಕೆ ಏರದು. ಬೇಡಿಕೆ ಏರದೆ ಬೆಲೆ ಇಳಿಯದು. ಈ ಗಂಟನ್ನು ಸರ್ಕಾರಗಳ ದೊಡ್ಡ ಖರೀದಿಯೊಂದೇ ಬಿಚ್ಚಬಹುದಾಗಿತ್ತು, ಅದು ಬರಲಿಲ್ಲ. ಪಾಮ್ ಸಂಸ್ಥೆ ೨೦೦೨ರಲ್ಲಿಯೇ ೯೯ ಡಾಲರಿಗೆ ಅಂಗೈ ಗಣಕವನ್ನು ಮಾರತೊಡಗಿತ್ತು. ಅದು ಕನ್ನಡ ಮಾತಾಡುತ್ತಿರಲಿಲ್ಲ ನಿಜ. ಆದರೆ ಕೊಳ್ಳುವ ಶಕ್ತಿಯಿದ್ದವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಹಳ್ಳಿಗನ ಕೈಗೆ ಬೇರೊಂದು ಯಂತ್ರ ಬಂದಿತ್ತು. ೨೦೦೩ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ಅದೇ ವರ್ಷ ಟಾರ್ಚ್ ದೀಪವುಳ್ಳ, ಧೂಳಿಗೆ ಜಗ್ಗದ ನೋಕಿಯಾ ೧೧೦೦ ಬಂದಿತು. ಆ ಮಾದರಿ ಲೋಕದಲ್ಲಿ ೨೫ ಕೋಟಿಗೂ ಮಿಗಿಲಾಗಿ ಮಾರಾಟವಾಯಿತು. ಅದು ಗಣಕವಾಗಿರಲಿಲ್ಲ. ಆದರೆ ಊರಿಗೆ ದುಡಿಯಲು ಹೋದ ಮಗನ ದನಿಯನ್ನು ತಾಯಿಗೆ ಕೇಳಿಸಿತು. ಹಂಚಿಕೊಳ್ಳುವ ಜಾಣ ಯಂತ್ರಕ್ಕಿಂತ ತನ್ನದೇ ಆದ ಸಾಧಾರಣ ಯಂತ್ರ ಜನಕ್ಕೆ ಪ್ರಿಯವಾಯಿತು.

ಬಳಿಕ ಫೋನುಗಳು ಕೋಟಿಗಟ್ಟಲೆ ತಯಾರಾದಂತೆ ಚಿಪ್ಪುಗಳ ಬೆಲೆ ನೆಲಕ್ಕಿಳಿಯಿತು. ೨೦೧೨ರ ಫೆಬ್ರವರಿಯಲ್ಲಿ ಬ್ರಿಟನ್ನಿನಿಂದ ಬಂದ ‘ರಾಸ್ಪ್‌ಬೆರಿ ಪೈ’ ಎಂಬ ಇಸ್ಪೀಟೆಲೆಯ ಗಾತ್ರದ ಗಣಕಕ್ಕೆ ೩೫ ಡಾಲರು. ಸಿಂಪ್ಯೂಟರಿನ ಗುರಿಬೆಲೆಯ ಐದರಲ್ಲೊಂದು ಪಾಲಿಗಿಂತಲೂ ಕಡಮೆ. ಉಪಾಯ ಮಾತ್ರ ಹಳೆಯದೇ: ಲಿನಕ್ಸ್, ಅಲ್ಪ ವಿದ್ಯುತ್ತಿನ ಚಿಪ್ಪು, ಹಾರ್ಡ್ ಡಿಸ್ಕಿಲ್ಲ. ತೆರೆಯನ್ನೂ ಬಿಟ್ಟು, ಮನೆಯ ಟೆಲಿವಿಷನ್ನನ್ನೇ ಬಳಸಿಕೊಂಡಿತು. ಹಳೆಯ ವಿಡಿಯೋ ಆಟಗಳನ್ನು ಅಗ್ಗವಾಗಿ ಆಡಬಯಸುವವರಿಗೆ ಅದು ಅಚ್ಚುಮೆಚ್ಚಾಯಿತು.

ಹಾಗಾದರೆ ಸಿಂಪ್ಯೂಟರಿನ ಲೆಕ್ಕ ತಪ್ಪಾಗಿತ್ತೆ? ಏನನ್ನು ಬಿಡಬೇಕೆಂಬ ಲೆಕ್ಕ ಸರಿಯಾಗಿಯೇ ಇತ್ತು. ಕಾಲ ಅದಕ್ಕೆ ಸಾಕ್ಷಿ ಹೇಳಿದೆ. ಬಿಡಿಭಾಗಗಳ ಬೆಲೆ ಮಾತ್ರ ಅವರ ಕೈಯಲ್ಲಿರಲಿಲ್ಲ, ಇಂದು ಪಟ್ಟಿ ಹಿಡಿದು ಕೂತ ತರುಣರ ಕೈಯಲ್ಲಿಯೂ ಇಲ್ಲ. ಅವರ ಕೈಯಲ್ಲಿರುವುದು ಆಯ್ಕೆಯೊಂದೇ. ಎಲ್ಲವನ್ನೂ ಬಿಟ್ಟರೂ ಧ್ವನಿಯನ್ನು ಬಿಡದಿದ್ದವರ ಊರಿನಲ್ಲಿ, ತನಗೆ ಬಿಡಲಾಗದ್ದು ಯಾವುದೆಂದು ಮೊದಲು ಬರೆದುಕೊಂಡು ಪಟ್ಟಿ ಮಾಡುವವನು ಅಷ್ಟು ಸುಲಭವಾಗಿ ಮೋಸಹೋಗಲಾರನು.